ಇಲಿಯ ಹೊಟ್ಟೆಗೆ ಹಚ್ಚಿದ ಗಂಧ

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನಿಮಗೂ ನನಗೂ ಮಾತು ಸಲೀಸಾಗುತ್ತದೆ: ಇಲಿಯ ಹೊಟ್ಟೆಗೆ ಗಂಧ ಹಚ್ಚಿದವನು ನಾನೇ. ಇಲಿ ಎಂದರೆ ಅಟ್ಟದಲ್ಲಿ ಕೊಬ್ಬರಿ ಕದಿಯುವ ಪ್ರಾಣಿಯಲ್ಲ. ಕಂಪ್ಯೂಟರಿನ ಪಕ್ಕದಲ್ಲಿ, ತನ್ನ ಬಾಲದಿಂದ ತಾನೇ ಕಟ್ಟಿಸಿಕೊಂಡು, ಅರ್ಧ ಸವೆದ ಬಟ್ಟೆ ಸಾಬೂನಿನ ಹಾಗೆ ತೆಪ್ಪಗೆ ಕೂತಿರುವ ಒಂದು ವಸ್ತು. ಮೌಸ್ ಎಂದು ಅದರ ಹೆಸರು; ನಮ್ಮ ಮಣಿಪಾಲದ ಆಫೀಸಿಗೆ ಬಂದ ದಿನವೇ ಅದು ಇಲಿಯಾಯಿತು. ಮಗುಚಿ ಹಾಕಿದರೆ ಹೊಟ್ಟೆಯಲ್ಲೊಂದು ರಬ್ಬರಿನ ಉಂಡೆ ಉಂಟು. ಉಂಡೆ ಮೇಜಿನ ಮೇಲೆ ಉರುಳಿದಂತೆ ಪರದೆಯ ಮೇಲೊಂದು ಬಾಣ ಓಡಾಡುತ್ತದೆ. ಆ ಉಂಡೆಗೆ ನಾನು, ಹೋದ ನವರಾತ್ರಿಯ ಆಯುಧಪೂಜೆಯ ದಿನ, ನಾಲ್ಕು ಜನ ನಗಲಿ ಎಂಬ ಒಂದೇ ಆಸೆಯಿಂದ, ಮೂರು ಬೆರಳಿನಲ್ಲಿ ಗಂಧ ಮೆತ್ತಿದೆ. ನಾಲ್ಕು ಜನ ನಕ್ಕರು. ಗಂಧ ಒಣಗಿತು. ಒಣಗಿದ ಗಂಧ ಒಬ್ಬರನ್ನು ಅವರ ಕುರ್ಚಿಯಿಂದ ಎಬ್ಬಿಸಿತು, ನನ್ನನ್ನು ಊಟಕ್ಕೆ ಒಂಟಿಯಾಗಿ ಕೂರಿಸಿತು.

ನನ್ನ ಪರಿಚಯವನ್ನೂ ಮಾಡಿಕೊಳ್ಳುತ್ತೇನೆ, ಹೆಚ್ಚೇನಿಲ್ಲ. ಹೆಸರು ಸದಾನಂದ, ಇದರಲ್ಲಿ 'ಸದಾ' ಎಂಬುದು ಪರವಾಗಿಲ್ಲ, ಉಳಿದದ್ದನ್ನು ಅಪ್ಪ ಆಸೆಯಿಂದ ಸೇರಿಸಿದ್ದು. ಊರು ಕಾಪು. ಮನೆಯವರೆಲ್ಲ ದೋಣಿ, ಬಲೆ, ಮೀನು ಎಂದು ಬದುಕಿದವರು. ದೋಣಿ ಹತ್ತಿದ ಕೂಡಲೇ ಹೊಟ್ಟೆ ತೊಳಸುವ ಮಗನೊಬ್ಬ ಆ ಮನೆಯಲ್ಲಿ ಹೇಗೆ ಹುಟ್ಟಿದನೋ ಕಡಲಿಗೇ ಗೊತ್ತು. ಸಮುದ್ರ ನನಗೆ ದಕ್ಕಲಿಲ್ಲ, ಆದರೆ ದಡದ ಮೇಲಿನ ಸ್ವರಗಳೆಲ್ಲ ದಕ್ಕಿದವು. ಮೀನು ಹರಾಜು ಕೂಗುವವನ ಗಂಟಲು, ಬಸ್ಸಿನ ಕಂಡಕ್ಟರನ ಮೂಗು, ಹೆಡ್ಮಾಸ್ಟರರು ಬೆತ್ತ ಎತ್ತುವ ಮುಂಚಿನ ಒಂದು ನಿಟ್ಟುಸಿರು, ಇವನ್ನೆಲ್ಲ ಎಂಟನೆಯ ಕ್ಲಾಸಿನೊಳಗೆ ಕೈವಶ ಮಾಡಿಕೊಂಡಿದ್ದೆ. ಹಾಗೆ ಬೆಳೆದವನಿಗೆ ಒಂದು ಅನನುಕೂಲ ಉಂಟು. ಎಲ್ಲಿ ಹೋದರೂ ಜನ "ಒಂದು ಮಾಡಿ ತೋರಿಸು ಮಾರಾಯ" ಎನ್ನುತ್ತಾರೆ, "ಹೇಗಿದ್ದಿ?" ಎನ್ನುವುದಿಲ್ಲ. ಅನುಕರಣೆಯವನು ಮನೆಗೆ ಬಂದರೆ ಹತ್ತು ಜನ ಬಂದ ಹಾಗೆ, ಹೋದರೆ ಯಾರೂ ಹೋದ ಹಾಗಲ್ಲ.

ನಾನು ಬನ್ನಂಜೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಒಂದು ಕಿಟಕಿ, ಒಂದು ಚಾಪೆ, ಒಂದು ಸ್ಟವ್, ಮತ್ತು ಗೋಡೆಯ ಆಚೆ ಒಂದು ಹೊಲಿಗೆ ಯಂತ್ರ. ಭಾನುವಾರ ಮಧ್ಯಾಹ್ನ ಹೊಲಿಗೆ ಯಂತ್ರಕ್ಕೂ ರಜೆಯಾದರೆ ನಾನು ಸುಮ್ಮನೆ ಕೂತು ನಮ್ಮ ಆಫೀಸಿನ ಮುಖ್ಯಸ್ಥ ಪ್ರಭಾಕರ ರಾಯರ ಸ್ವರದಲ್ಲಿ ನನ್ನನ್ನೇ ಗದರುತ್ತೇನೆ, ಊರಿನಲ್ಲಿರುವ ಅಕ್ಕನ ಸ್ವರದಲ್ಲಿ "ಉಂಡೆಯಾ?" ಎಂದು ಕೇಳಿಕೊಳ್ಳುತ್ತೇನೆ. ನಗಬೇಡಿ. ಅಥವಾ ನಗಿ, ಅಭ್ಯಾಸವಾಗಿದೆ.

ಮಣಿಪಾಲದಲ್ಲಿ ನಮ್ಮದು ದೂರದೂರದಿಂದ ಓದಲು ಬರುವ ಮಕ್ಕಳ ಹೆಸರು, ಊರು, ಹಾಸ್ಟೆಲಿನ ಕೋಣೆ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸುವ ಕೆಲಸ. ನೋಡಿಲ್ಲದ ಊರಿನ, ನೋಡಲಾರದ ಮುಖಗಳ ಸಾವಿರ ಹೆಸರು ನನ್ನ ಬೆರಳಿನ ತುದಿಯಿಂದ ಹಾದುಹೋಗುತ್ತವೆ. ಅವರಲ್ಲಿ ಒಬ್ಬರಿಗಾದರೂ ನನ್ನ ಹೆಸರು ಗೊತ್ತಿಲ್ಲ. ಕಂಪ್ಯೂಟರ್ ಕೋಣೆಗೆ ಏಸಿ ಹಾಕಿದ್ದಾರೆ, ಯಂತ್ರಕ್ಕೆ ಧೂಳು ಆಗದೆಂದು ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ ನೋಡಿ, ಒಳಗೆ ಯಾವ ದೇವರುಂಟು ಎಂದು ಹೊಸಬರು ಇಣುಕುವುದುಂಟು. ನಾನು ಬಾಗಿಲು ತೆರೆಯುವ ಮೊದಲೇ ಚಪ್ಪಲಿಯ ಸಾಲಿನಿಂದ ಹಾಜರಿ ತೆಗೆಯುತ್ತಿದ್ದೆ. ಗೋಡೆಯ ಬದಿಗೆ, ಪಟ್ಟಿ ಕಿತ್ತುಹೋಗಿ ಸೇಫ್ಟಿ ಪಿನ್ನು ಚುಚ್ಚಿದ ನೀಲಿ ಹವಾಯಿ ಚಪ್ಪಲಿ ಇದ್ದರೆ ಸುಗುಣಕ್ಕ ಬಂದಿದ್ದಾರೆ ಎಂದು ಅರ್ಥ. ಸುಗುಣಕ್ಕ ಬಂದಿದ್ದಾರೆ ಎಂದರೆ ಮಧ್ಯಾಹ್ನ ನನಗೆ ಊಟ ಉಂಟು, ಮಾತೂ ಉಂಟು ಎಂದು ಅರ್ಥ.

ಸುಗುಣಕ್ಕ ಕಾರ್ಕಳದವರು. ಐವತ್ತರ ಹತ್ತಿರದ ವಯಸ್ಸು, ದಿನಾ ಹಿರಿಯಡಕದ ಮೇಲೆ ಹಾದು ಬರುವ ಬಸ್ಸಿನಲ್ಲಿ ಬಂದು ಅದರಲ್ಲೇ ಹೋಗುವವರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಕನ್ನಡ, ಇಬ್ಬರಿಗೂ ಸ್ವಲ್ಪ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಟೈಪ್‌ರೈಟರಿನ ಕಾಲದಿಂದ ಇದ್ದವರು ಅವರು. ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ನಾವೆಲ್ಲ ಹೆದರಿ ನಿಂತರೆ, ಅವರು ಸೆರಗು ಸಿಕ್ಕಿಸಿ ಕೂತು, ಅದರ ಆಜ್ಞೆಗಳನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಎದುರಿಗೆ 'ಪ್ರತಿ ತೆಗೆಯಲು', 'ಅಳಿಸಲು, ಜಾಗ್ರತೆ', 'ಏನುಂಟು ಎಂದು ನೋಡಲು' ಎಂದು ಅರ್ಥ ಬರೆದು ಬಾಯಿಪಾಠ ಮಾಡಿದರು. ನಮಗೆ ಕಲಿಸಿದವರೂ ಅವರೇ. ಅವರು ಟೈಪು ಮಾಡುವುದನ್ನು ಕಣ್ಣುಮುಚ್ಚಿ ಕೇಳಬೇಕು. ಎರಡು ಕೈ ಸೇರಿ ಹಂಚಿನ ಮೇಲೆ ಮಳೆ ಸುರಿಸಿದ ಹಾಗೆ, ಎಲ್ಲಿಯೂ ಹನಿ ಕಡಿಯದೆ. ಆ ಸದ್ದನ್ನು ನಾನು ನಾಲಿಗೆಯಲ್ಲಿ ಮಾಡಿ ತೋರಿಸುತ್ತಿದ್ದೆ. "ಒಂದು ಅಕ್ಷರ ತಪ್ಪಿದೆ ಸದಾನಂದ" ಎನ್ನುತ್ತಿದ್ದರು ಅವರು, ತಲೆ ಎತ್ತದೆ. ಆಫೀಸಿನಲ್ಲಿ ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದವರು ಅವರೊಬ್ಬರೇ. ಉಳಿದವರಿಗೆ ನಾನು 'ಮಿಮಿಕ್ರಿ'.

ಊಟಕ್ಕೆ ಅವರೆದುರು ನಾನು. ಅವರದ್ದು ಮೂರು ಅಂತಸ್ತಿನ ಡಬ್ಬಿ, ನನ್ನದು ಒಂದು ಬಾಳೆಹಣ್ಣು ಅಥವಾ ಅದೂ ಇಲ್ಲ. ಮೇಲಿನ ಅಂತಸ್ತು ನನ್ನ ಕಡೆ ಸರಿಯುತ್ತಿತ್ತು, ಹೇಳದೆಯೇ. ದಾಳಿತೋಯ ಎಂಬ ಅವರ ಮನೆಯ ಬೇಳೆಸಾರು, ಮಿಡಿ ಉಪ್ಪಿನಕಾಯಿ, ಪತ್ರೊಡೆಯ ಕಾಲದಲ್ಲಿ ಪತ್ರೊಡೆ. ಬಲಗೈ ಎಂಜಲಾದ್ದರಿಂದ ಎಡಗೈಯಲ್ಲಿ ಚಮಚ ಹಿಡಿದು ಬಡಿಸುತ್ತಿದ್ದರು, ಎಲ್ಲರೂ ಬಡಿಸುವ ಹಾಗೆಯೇ. ಇದನ್ನು ಸ್ವಲ್ಪ ನೆನಪಿನಲ್ಲಿಡಿ, ನಾನು ಇಡಲಿಲ್ಲ.

ಆ ಹಳೆಯ ಕಂಪ್ಯೂಟರಿನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಎಡಗಡೆಯ ಮೂಲೆಯಲ್ಲಿ ಮಿನುಗುವ ಒಂದು ಸಣ್ಣ ಗೆರೆ. ಅಷ್ಟೇ. ಅದು ತಾನಾಗಿ ಏನೂ ಹೇಳುವುದಿಲ್ಲ, ಏನೂ ತೋರಿಸುವುದಿಲ್ಲ; 'ನೀನು ಹೇಳು' ಎಂದು ಕಾಯುತ್ತದೆ. ಕಾಪುವಿನ ದೀಪಸ್ತಂಭದ ಬೆಳಕನ್ನು ನೋಡುತ್ತ ಬೆಳೆದವನು ನಾನು. ಬೆಳಗಿ, ಮರೆಯಾಗಿ, ಮತ್ತೆ ಬೆಳಗುವ ಯಾವುದರ ಎದುರಿಗೂ ನನಗೆ ಮನೆಯ ಸಲಿಗೆ ಬರುತ್ತದೆ. ಎಲ್ಲರೂ ಹೋದ ಮೇಲೆ ಐದು ನಿಮಿಷ ಆ ಗೆರೆಯ ಎದುರು ಸುಮ್ಮನೆ ಕೂತದ್ದುಂಟು. ಒಮ್ಮೆ 'ಊಟ ಆಯಿತಾ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೂ ನೋಡಿದೆ. ತಪ್ಪು ಆಜ್ಞೆ ಎಂದು ಅದು ಹೇಳಿತು. ಹೇಳಲಿ, ಉತ್ತರ ಅಂತ ಒಂದು ಬಂತಲ್ಲ.

ಮಳೆಗಾಲ ಕಳೆಯುತ್ತಿದ್ದಂತೆ ಅದಕ್ಕೆ ಹೊಸ ಮುಖ ಬಂತು. ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದು, ಫ್ಲಾಪಿ ಎಂಬ ಒಂದು ಕಟ್ಟು ತೆಳ್ಳಗಿನ ಚೌಕ ತಟ್ಟೆಗಳನ್ನು ಒಂದಾದ ಮೇಲೊಂದು ತುರುಕಿ ತೆಗೆದು, ಮೂರೂ ಯಂತ್ರಕ್ಕೆ ಒಂದೊಂದು ಇಲಿ ಕಟ್ಟಿ, "ಇನ್ನು ಯಾರೂ ಏನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ" ಎಂದು ಘೋಷಿಸಿದ. ಪರದೆ ತುಂಬ ಚೌಕಟ್ಟುಗಳು, ಚೌಕಟ್ಟಿನೊಳಗೆ ಚೌಕಟ್ಟು, ತಲೆಯ ಮೇಲೊಂದು ಪಟ್ಟಿ; ಬಾಣವನ್ನು ಅಲ್ಲಿಗೆ ಒಯ್ದು ಒತ್ತಿದರೆ ಪದಗಳ ಸಾಲೊಂದು ಸುರುಳಿ ಬಿಚ್ಚಿದಂತೆ ಕೆಳಗಿಳಿಯುತ್ತದೆ, ಬೇಕಾದ್ದನ್ನು ಬೆರಳಿಟ್ಟು ತೋರಿಸಿದರಾಯಿತು. ಸುಗುಣಕ್ಕ ತಮ್ಮ ಸಣ್ಣ ಪುಸ್ತಕವನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. "ಅದು ಬೇಡ ಮೇಡಂ" ಎಂದ ಅವನು, ನಗುತ್ತ, ಒಳ್ಳೆಯ ಮನಸ್ಸಿನಿಂದಲೇ. ಅವರು ಪುಸ್ತಕವನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದರು. ನಾಲ್ಕು ವರ್ಷದ ಬಾಯಿಪಾಠ ಒಳಗೆ ಹೋದ ಸದ್ದು ಅದು. ನಾನು ಅದನ್ನೂ ಆಮೇಲೆ ಬಾಯಲ್ಲಿ ಮಾಡಿ ನೋಡಿದ್ದೇನೆ, ಸರಿಯಾಗಿ ಬರುತ್ತದೆ.

ವಿಚಿತ್ರವೆಂದರೆ ಅದೇ ತಿಂಗಳು ಬನ್ನಂಜೆಯಲ್ಲಿ ನಾನು ಬೆಳಿಗ್ಗೆ ತಿಂಡಿ ತಿನ್ನುವ ಹೊಟೇಲಿನಲ್ಲೂ ಇಂಥದೇ ಒಂದು ಸುಧಾರಣೆ ನಡೆಯಿತು. ಅಲ್ಲಿಯ ಸಪ್ಲಾಯರ್, ಎದುರು ನಿಂತು, ಎಲ್ಲೋ ದೂರದ ಗೋಡೆ ನೋಡುತ್ತ, ಒಂದೇ ಉಸಿರಿನಲ್ಲಿ "ಇಡ್ಲಿ ವಡೆ ಬನ್ಸ್ ಗೋಳಿಬಜೆ ಅವಲಕ್ಕಿ ಉಪ್ಪಿಟ್ಟು ಶೀರಾ" ಎಂದು ಪಠಿಸುತ್ತಿದ್ದ, ನಾನು "ಎಂತ ಬಿಸಿ ಉಂಟು?" ಎನ್ನುತ್ತಿದ್ದೆ, "ಎಲ್ಲ ಬಿಸಿಯೇ" ಎನ್ನುತ್ತಿದ್ದ. ಬನ್ನಂಜೆಯಲ್ಲಿ ನನ್ನ ಇಡೀ ದಿನದ ಸಂಭಾಷಣೆ ಅದು. ಈಗ ಗೋಡೆಗೆ ಬಣ್ಣದ ಹಲಗೆ ತೂಗುಹಾಕಿದ್ದಾರೆ. ಅವನು ಬಂದು ನಿಲ್ಲುತ್ತಾನೆ, ನಾನು ಹಲಗೆಯ ಕಡೆ ಬೆರಳು ತೋರಿಸುತ್ತೇನೆ, ಅವನು ಹೋಗುತ್ತಾನೆ. ಸೌಕರ್ಯ ಹೆಚ್ಚಾಯಿತು, ನಿಜ. ಯಾರೂ ಏನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಆದರೆ ನೆನಪಿಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲದ ಕಡೆ, ನಮ್ಮನ್ನು ಯಾಕೆ ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆ? ಮಾತಿನಿಂದ ನಡೆಯುತ್ತಿದ್ದ ಕೆಲಸ ಸನ್ನೆಯಿಂದ ನಡೆಯತೊಡಗಿದರೆ ಕೆಲಸಕ್ಕೇನೂ ನಷ್ಟವಿಲ್ಲ; ನಷ್ಟವಾಗುವುದು ಮಾತಿಗಾಗಿಯೇ ಕೆಲಸ ಹುಡುಕಿಕೊಂಡು ಬರುತ್ತಿದ್ದ ನನ್ನಂಥ ಕೆಲವರಿಗೆ.

ಇನ್ನು ಪೂಜೆ. ನಮ್ಮ ಕಡೆ ಆಯುಧಪೂಜೆಯ ದಿನ ಬಸ್ಸಿಗೆ, ಕತ್ತಿಗೆ, ದೋಣಿಯ ಇಂಜಿನಿಗೆ ಎಲ್ಲಕ್ಕೂ ಹೂ ಇಡುವಾಗ ಕಂಪ್ಯೂಟರನ್ನು ಬಿಡುವುದಕ್ಕುಂಟೇ? ಪರದೆಗಳಿಗೆಲ್ಲ ಸೇವಂತಿಗೆ ಮಾಲೆ, ಬಾಗಿಲ ಹೊರಗೆ ತೆಂಗಿನಕಾಯಿ. ಕಾರ್ಕಳದಿಂದ ಸುಗುಣಕ್ಕ ಸ್ವತಃ ತೇಯ್ದ ಗಂಧವನ್ನು ಬಾಳೆಲೆಯಲ್ಲಿ ಕಟ್ಟಿ ತಂದಿದ್ದರು. ನಾನು ಟವೆಲನ್ನು ಶಲ್ಯದ ಹಾಗೆ ಹೊದ್ದು, ಸಂತೆಕಟ್ಟೆಯ ನಮ್ಮ ಪರಿಚಯದ ಭಟ್ಟರೊಬ್ಬರ ಸ್ವರವನ್ನು ಧರಿಸಿ, "ಗಣಪತಿಯ ವಾಹನಕ್ಕೆ ಮೊದಲು ಪಾದಪೂಜೆ ಆಗಬೇಕು, ಇಲ್ಲದಿದ್ದರೆ ವಾಹನ ಸ್ಟಾರ್ಟ್ ಆಗುವುದಿಲ್ಲ" ಎಂದು ಮಧ್ಯದ ಯಂತ್ರದ ಇಲಿಯನ್ನು ಅಂಗಾತ ಮಲಗಿಸಿ ಉಂಡೆಗೆ ಗಂಧ ಬಳಿದೆ. ಪ್ರಭಾಕರ ರಾಯರು ಕೂಡ ಕೆಮ್ಮುವವರೆಗೆ ನಕ್ಕರು. ಸುಗುಣಕ್ಕನೂ ಸೆರಗನ್ನು ಬಾಯಿಗೆ ಒತ್ತಿ ನಕ್ಕಿದ್ದರು. ಮರುದಿನ ವಿಜಯದಶಮಿಯ ರಜೆ. ಗಂಧಕ್ಕೆ ಒಣಗಲು ಬೇಕಾದಷ್ಟು ಸಮಯ.

ರಜೆ ಮುಗಿದ ದಿನವೇ ರಾಯರು ಒಂದು ಪರೀಕ್ಷೆ ಇಟ್ಟಿದ್ದರು. ಯಂತ್ರ ಮೂರೇ, ನಾವು ಐದು ಜನ. ಹೊಸ ರೀತಿಯಲ್ಲಿ ಯಾರ ಕೈ ಕೂರುತ್ತದೋ ಅವರು ಕಂಪ್ಯೂಟರ್ ಕೋಣೆಯಲ್ಲಿ, ಉಳಿದವರು ಕೆಳಗೆ ಟಪಾಲು ವಿಭಾಗದಲ್ಲಿ, ಹಳೆಯ ಟೈಪ್‌ರೈಟರಿನ ಮುಂದೆ. ಒಬ್ಬೊಬ್ಬರಾಗಿ ಕೂತು ಒಂದು ಪಟ್ಟಿ ತೆರೆದು, ತಿದ್ದಿ, ಮುಚ್ಚಿ ತೋರಿಸಬೇಕು. ಸುಗುಣಕ್ಕನಿಗೆ ಸಿಕ್ಕಿದ್ದು ಮಧ್ಯದ ಯಂತ್ರ.

ಬಾಣ ಎಡಬಲಕ್ಕೆ ಓಡಿತು. ಮೇಲೆ ಹೋಗೆಂದರೆ ಹೋಗಲಿಲ್ಲ. ಅವರು ಇಲಿಯನ್ನು ಎತ್ತಿ ಇಟ್ಟರು. ಬಾಣ ಒಮ್ಮೆ ನೆಗೆದು ಪರದೆಯ ಮೂಲೆಗೆ ಅಂಟಿತು. ಅವರ ಬಲಗೈಯ ಗೆಣ್ಣುಗಳು ಬೆಳ್ಳಗಾದವು. ಎಡಗೈ ಮಡಿಲಿನಿಂದ ಎದ್ದು ಇಲಿಯ ಕಡೆ ಹೊರಡುವುದು, ನಡುದಾರಿಯಲ್ಲಿ ಯಾರೋ ಗದರಿದ ಹಾಗೆ ನಿಂತು, ಮತ್ತೆ ಮಡಿಲಿಗೆ ಬಂದು ಕೂರುವುದು. ಹೀಗೆ ಮೂರು ಸಲ, ನಾಲ್ಕು ಸಲ. ರಾಯರು ಹಿಂದೆ ನಿಂತಿದ್ದರು. "ಗಡಿಬಿಡಿ ಇಲ್ಲ" ಎಂದರು; ಅವರು ಹಾಗೆ ಹೇಳಿದರೆ ಗಡಿಬಿಡಿ ಉಂಟು ಎಂದು ಅರ್ಥ. ಸುಗುಣಕ್ಕ ಕೊನೆಗೆ ಕೈ ತೆಗೆದು, "ನನ್ನ ಕೈಗೆ ಇದು ಆಗುವುದಿಲ್ಲ ಕಾಣುತ್ತದೆ" ಎಂದು ಎದ್ದರು.

ಆಮೇಲೆ ನಾನು ಮಾಡಿದ್ದನ್ನೂ ಹೇಳಬೇಕಲ್ಲ. ಊಟದ ಕೋಣೆಯಲ್ಲಿ ನಾಲ್ಕೈದು ಜನ ಇದ್ದರು, ಎಲ್ಲರ ಮುಖವೂ ಸ್ವಲ್ಪ ಬಿಗಿಯಾಗಿತ್ತು, ಒಬ್ಬ "ಮಿಮಿಕ್ರಿ, ಎಂತಾದರೂ ಮಾಡು ಮಾರಾಯ" ಎಂದ. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಇಲಿ ಮಾಡಿಕೊಂಡು ನಾನು ಸುಗುಣಕ್ಕನಾದೆ. ಸೆರಗು ಸಿಕ್ಕಿಸಿದೆ, ಕನ್ನಡಕ ಏರಿಸಿದೆ, ಮುಚ್ಚಳ ಎತ್ತಿ ಕೆಳಗೆ ಇಣುಕಿದೆ, ಬಾಣ ಓಡಿಹೋದ ಮೂಲೆಗೆ ಕುತ್ತಿಗೆ ತಿರುಗಿಸಿದೆ. ಎಡಗೈಯನ್ನು ಎಬ್ಬಿಸಿದೆ, ನಿಲ್ಲಿಸಿದೆ, ಮಡಿಲಿಗೆ ಮರಳಿಸಿದೆ, ಮತ್ತೆ ಎಬ್ಬಿಸಿದೆ. ಹೆಚ್ಚು ನಗು ಬಂದದ್ದು ಆ ಎಡಗೈಗೇ. ನಗು ಬಂದ ಕಡೆ ಇನ್ನೊಮ್ಮೆ ಮಾಡುವುದು ನನ್ನ ಕಸುಬಿನ ದೌರ್ಬಲ್ಯ, ಇನ್ನೊಮ್ಮೆ ಮಾಡಿದೆ. ನಗು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ಡಬ್ಬಿ ಹಿಡಿದುಕೊಂಡು ಸುಗುಣಕ್ಕ ನಿಂತಿದ್ದರು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಇನ್ನೂ ಗಾಳಿಯಲ್ಲೇ ಇದ್ದ ನನ್ನ ಎಡಗೈಯನ್ನು ನೋಡುತ್ತಿದ್ದರು. ಆಮೇಲೆ ಕಿಟಕಿಯ ಹತ್ತಿರದ ಬೇರೆ ಮೇಜಿಗೆ ಹೋಗಿ, ಬೆನ್ನು ನಮ್ಮ ಕಡೆ ಮಾಡಿ, ಡಬ್ಬಿ ಬಿಚ್ಚಿದರು. ಮೂರು ಅಂತಸ್ತನ್ನೂ ಅವರೇ ಉಂಡರೋ, ಮುಚ್ಚಿ ಒಯ್ದರೋ, ನನಗೆ ಗೊತ್ತಿಲ್ಲ. ಮರುದಿನ ತಾವಾಗಿಯೇ ಟಪಾಲು ವಿಭಾಗ ಕೇಳಿ ರಾಯರಿಗೆ ಅರ್ಜಿ ಕೊಟ್ಟರು.

ಪರೀಕ್ಷೆಯ ದಿನ ಸಂಜೆ ನಾನೇ ಮಧ್ಯದ ಯಂತ್ರಕ್ಕೆ ಕೂತಾಗ ಬಾಣ ನನಗೂ ಮೇಲೆ ಹೋಗಲಿಲ್ಲ. ಇಲಿಯ ಹೊಟ್ಟೆ ಬಿಚ್ಚಿದೆ. ಉಂಡೆಯನ್ನು ತಾಗಿ ತಿರುಗುವ ಸಣ್ಣ ಸಣ್ಣ ಉರುಳೆಗಳಲ್ಲಿ ಒಂದರ ಮೇಲೆ ಗಂಧ ಹಕ್ಕಳೆಯ ಹಾಗೆ ಒಣಗಿ ಕೂತಿತ್ತು. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿದೆ. ಕೋಣೆಯಲ್ಲೆಲ್ಲ ಗುಡಿಯದ್ದೂ ಆಸ್ಪತ್ರೆಯದ್ದೂ ಕೂಡಿದ ಒಂದು ವಾಸನೆ. ಬಾಣ ಸರಾಗವಾಗಿ ಓಡಿತು. ನಾನು ಎದ್ದುಹೋಗಿ ರಾಯರಿಗೆ ಹೇಳಬಹುದಿತ್ತು. ಹತ್ತು ಹೆಜ್ಜೆಯ ದೂರ. ಹತ್ತಿಯನ್ನು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮುಂದಿನ ವಾರಗಳನ್ನು ವರ್ಣಿಸಲು ಹೆಚ್ಚಿನ ಪ್ರತಿಭೆ ಬೇಕಿಲ್ಲ. ಬಾಗಿಲ ಹೊರಗಿನ ಚಪ್ಪಲಿ ಸಾಲಿನಲ್ಲಿ ಗೋಡೆಯ ಬದಿಯ ಜಾಗ ಖಾಲಿ. ಯಾರೂ ಅಲ್ಲಿ ಬಿಡುವುದಿಲ್ಲ, ಯಾಕೋ. ಕೋಣೆಯೊಳಗೆ ಮಳೆಯ ಸದ್ದಿಲ್ಲ, ಆಗೊಮ್ಮೆ ಈಗೊಮ್ಮೆ ಇಲಿ ಹಲ್ಲು ಕಡಿದ ಹಾಗೆ ಒಂದು 'ಟಿಕ್'. ಹೊಸ ಮುಖಕ್ಕೆ ನಾನು ಬೇಗ ಹೊಂದಿಕೊಂಡೆ. ಮುಖ ಬದಲಿಸುವುದು ನನಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಎಷ್ಟು ಬೇಗ ಎಂದರೆ, ಉಳಿದವರಿಗೆ ಕಲಿಸುವ ಕೆಲಸವೂ ನನಗೇ ಬಂತು. ಮಧ್ಯಾಹ್ನ ಒಬ್ಬನೇ ಬಾಳೆಹಣ್ಣು ಸುಲಿಯುತ್ತಿದ್ದೆ. ಕೆಳಗಿನ ಮಹಡಿಯಿಂದ ಟೈಪ್‌ರೈಟರಿನ ಸದ್ದು ಕೇಳುತ್ತಿತ್ತು, ಹನಿ ಕಡಿಯದ ಅದೇ ಮಳೆ, ಈಗ ಬೇರೆಯವರ ಹಂಚಿನ ಮೇಲೆ.

ಒಂದು ಸಂಗತಿಯನ್ನು ಮಾತ್ರ ಇಂಜಿನಿಯರು ನಮಗೆ ಹೇಳಿರಲಿಲ್ಲ, ನಾನೇ ಕಂಡುಕೊಂಡೆ. ಚೌಕಟ್ಟುಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಹೋಗಿ, ಕೊನೆಯದನ್ನೂ ಮುಚ್ಚಿದರೆ, ಚಿತ್ರಗಳು ಮಾಯವಾಗಿ ಹಳೆಯ ಕಪ್ಪು ಪರದೆ ಬರುತ್ತದೆ. ಮೂಲೆಯಲ್ಲಿ ಅದೇ ಗೆರೆ, ಅದೇ ಮಿನುಗು. ಅದು ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ದಿನ ಚಿತ್ರಗಳ ಹಿಂದೆ ಕೂತು ಯಾರಾದರೂ ಬಂದು ಏನಾದರೂ ಹೇಳುತ್ತಾರೆಂದು ಕಾಯುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸ್ವಲ್ಪ ಹೆದರಿಕೆಯಾಯಿತು. ರಾಯರ ಕೆಮ್ಮು, ಭಟ್ಟರ ಮಂತ್ರ, ಹರಾಜಿನವನ ಗಂಟಲು, ಸುಗುಣಕ್ಕನ ಎಡಗೈ, ಇವನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಹೋದರೆ ನನ್ನೊಳಗೂ ಇಂಥದೊಂದು ಗೆರೆ ಉಳಿದಿರಬಹುದೇ? ಉಳಿದಿದ್ದರೆ, ಅದರ ಭಾಷೆ ನೆನಪಿರುವವರು ಯಾರು? ಇದ್ದ ಒಬ್ಬರ ಪುಸ್ತಕವನ್ನು ಬ್ಯಾಗಿಗೆ ಹಾಕಿಸಿದ್ದಾಯಿತಲ್ಲ.

ದೀಪಾವಳಿ ಕಳೆದ ಮೇಲೆ ರಾಯರು ಒಂದು ಚೀಟಿ ಕೊಟ್ಟು, ಅದನ್ನು ಹೊಸ ಯಂತ್ರದಲ್ಲಿ ಅಚ್ಚುಕಟ್ಟಾಗಿ ಹೊಡೆದು ಕೊಡಲು ಹೇಳಿದರು. ಸುಗುಣಕ್ಕನನ್ನು ಟಪಾಲು ವಿಭಾಗಕ್ಕೆ ಕಾಯಂ ಮಾಡುವ ಆದೇಶ. 'ಹೊಸ ಪದ್ಧತಿಗೆ ಹೊಂದಿಕೊಳ್ಳಲು ಅಸಮರ್ಥರಾದ್ದರಿಂದ' ಎಂದು ಒಂದು ಸಾಲು. ಇಪ್ಪತ್ತೈದು ವರ್ಷ ಬೆರಳು ಸವೆಸಿದವರ ಕಡತದಲ್ಲಿ ಆ ಸಾಲು ಕೂತರೆ ಇನ್ನು ಏಳುವುದಿಲ್ಲ. ಹೊಡೆದೆ. ತಪ್ಪಿಲ್ಲದೆ ಹೊಡೆದೆ. ಮುಚ್ಚಲು ಹೋದಾಗ ಪರದೆಯ ನಡುವೆ ಒಂದು ಸಣ್ಣ ಚೌಕಟ್ಟು ಎದ್ದು ಕೇಳಿತು: ಬರೆದದ್ದನ್ನು ಉಳಿಸಬೇಕೇ? ಹೌದು, ಬೇಡ ಎಂದು ಕೆಳಗೆ ಎರಡು ಗುಂಡಿ. ಹಳೆಯ ಯಂತ್ರ ಹೀಗೆಲ್ಲ ವಿಚಾರಿಸುತ್ತಿರಲಿಲ್ಲ. ಎಷ್ಟೋ ದಿನಗಳಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು, ಮಾಡಿ ತೋರಿಸು ಎನ್ನದೆ. ಬಾಣವನ್ನು 'ಬೇಡ'ದ ಮೇಲೆ ತಂದು ಒತ್ತಿದೆ.

ಎದ್ದು ರಾಯರ ಮೇಜಿಗೆ ಹೋಗಿ ಎಲ್ಲವನ್ನೂ ಹೇಳಿದೆ: ಗಂಧ, ಉರುಳೆ, ಹತ್ತಿ, ಕಿಸೆ. ರಾಯರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮುಖದಲ್ಲಿ ಮೆಚ್ಚುಗೆ ಮೂಡಿತು.

"ಇದು ಯಾರ ಸ್ವರ ಮಾರಾಯ? ಹೊಸದು ಕಾಣುತ್ತದೆ."

"ನನ್ನದೇ ಸರ್."

"ಲಾಯ್ಕುಂಟು" ಎಂದರು ಅವರು. ಆಮೇಲೆ ನಾನು ನಗದೆ ನಿಂತದ್ದನ್ನು ಕಂಡು, ಒಮ್ಮೆ ಕೆಮ್ಮಿ, ಚೀಟಿಯನ್ನು ವಾಪಸು ತೆಗೆದುಕೊಂಡರು. "ನಾನೆಂತ ಅವರನ್ನು ಹೋಗಿ ಅಂತ ಹೇಳಿದ್ದೇನಾ? ಅರ್ಜಿ ಕೊಟ್ಟದ್ದು ಅವರು. ಬರುವುದಾದರೆ ಬರಲಿ. ಆದರೆ ಹೋಗಿ ಹೇಳಬೇಕಾದವನು ನೀನು."

ಟಪಾಲು ವಿಭಾಗದಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ; ಸುಗುಣಕ್ಕ ಪಿನ್ನಿನ ಚಪ್ಪಲಿ ಹಾಕಿಕೊಂಡೇ ಕೂತಿದ್ದರು. ಊಟದ ಹೊತ್ತು, ಮೇಜಿನ ಮೇಲೆ ಡಬ್ಬಿ. ಅಲ್ಲಿಯವರೆಗೆ ಧೈರ್ಯವಿದ್ದವನಿಗೆ ಅವರ ಬೆನ್ನು ಕಂಡ ಕೂಡಲೇ ಹಳೆಯ ಚಾಳಿ ನುಗ್ಗಿತು. ಬಾಗಿಲ ಮರೆಯಿಂದ ರಾಯರ ಸ್ವರದಲ್ಲಿ ಕೆಮ್ಮಿ, "ಸುಗುಣಾ ಬಾಯಿ ಅವರೇ, ಒಂದು ವಿಷಯ ಮಾತಾಡಲಿಕ್ಕುಂಟು" ಎಂದೆ.

ಅವರು ತಿರುಗಲಿಲ್ಲ. "ರಾಯರು ಮೆಟ್ಟಿಲು ಇಳಿದರೆ ಮೊದಲು ಉಬ್ಬಸ ಬರುತ್ತದೆ, ಆಮೇಲೆ ಕೆಮ್ಮು. ಎಂತ ಬೇಕು ನಿನಗೆ?"

ಎದುರಿಗೆ ಹೋಗಿ ನಿಂತು ಹೇಳಿದೆ. ಈ ಸಲ ಮೊದಲಿಗಿಂತ ಕೆಟ್ಟದಾಗಿ, ನಡುನಡುವೆ ಕಡಿಯುತ್ತ. ಬಾಣ ಓಡದೆ ಇದ್ದದ್ದು ಅವರ ಕೈಯಿಂದ ಅಲ್ಲ, ನನ್ನ ಗಂಧದಿಂದ, ಅದು ನನಗೆ ಆ ಸಂಜೆಯೇ ಗೊತ್ತಿತ್ತು, ನಾನು ಹೇಳಲಿಲ್ಲ; ಬರುವುದಾದರೆ ಮೇಲೆ ಬರಲಿ ಎಂದು ರಾಯರೂ ಹೇಳಿದ್ದಾರೆ.

"ಅದಾ?" ಎಂದರು ಸುಗುಣಕ್ಕ. "ಅದು ನನಗೆ ಆವತ್ತು ಸಂಜೆ ಮನೆಗೆ ಹೋಗುವ ಬಸ್ಸು ಪರ್ಕಳ ದಾಟುವ ಮೊದಲೇ ಹೊಳೆದಿತ್ತು. ಗಂಧ ತೇಯ್ದವಳು ನಾನಲ್ವಾ? ಒಣಗಿದರೆ ಅದು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನನಗೆ ಗೊತ್ತಿಲ್ಲವಾ?"

"ಮತ್ತೆ ಯಾಕೆ ಅರ್ಜಿ ಕೊಟ್ಟಿರಿ?"

ಅವರು ಚಮಚ ಕೆಳಗಿಟ್ಟರು. "ಗಂಧಕ್ಕೆ ಹೆದರಿ ಬಂದದ್ದಲ್ಲ ನಾನು. ನನ್ನ ಎಡಗೈಯನ್ನು ನೀನು ಅಷ್ಟು ಜನರ ಎದುರು ಮಾಡಿ ತೋರಿಸಿದಿ."

"ಎಡಗೈಯಲ್ಲಿ ಎಂತ ಉಂಟು ಅಕ್ಕಾ?"

ಅವರು ಡಬ್ಬಿಯನ್ನು ಒಂದು ಬದಿಗೆ ಸರಿಸಿದರು. ಆಮೇಲೆ, ಬೇರೆ ಯಾರದ್ದೋ ಕಥೆ ಹೇಳುವ ಹಾಗೆ ಹೇಳಿದರು: "ನಾನು ಹುಟ್ಟಿದಂದಿನಿಂದ ಎಡಗೈಯವಳು. ಶಾಲೆಯಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಗೆಣ್ಣಿನ ಮೇಲೆ ರೂಲುದೊಣ್ಣೆ. ಮನೆಯಲ್ಲಿ ಎಡಗೈಯಲ್ಲಿ ಉಣ್ಣಲಿಕ್ಕಿಲ್ಲ, ಕೊಡಲಿಕ್ಕಿಲ್ಲ, ತೆಗೆದುಕೊಳ್ಳಲಿಕ್ಕಿಲ್ಲ. ಟೈಪಿಂಗ್ ಕಲಿಯಲಿಕ್ಕೆ ಸೇರಿದ ದಿನ ನೋಡು, ಎರಡು ಕೈಯೂ ಬೇಕು ಅಂದರು. ಆವತ್ತು ನಾನು ಅತ್ತದ್ದುಂಟು. ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ನಡೆಯಿತು. ಈಗ ಆ ಇಲಿ ಬಂತು, ಒಂದೇ ಕೈ ಸಾಕು, ಅದೂ ಬಲಗೈ ಅಂತ. ಬಲಗಡೆ ಕಟ್ಟಿಟ್ಟಿದ್ದಾರೆ; ಎಡಗೈ ತಾನಾಗಿ ಹೋಗುತ್ತದೆ, ನಾನು ಹಿಂದೆ ಎಳೆಯುತ್ತೇನೆ. ನೀನು ಅದನ್ನೇ ಮಾಡಿದಿ. ಎಲ್ಲ ಗೊತ್ತಿದ್ದೇ ಮಾಡಿದಿ ಅಂತ ಗ್ರಹಿಸಿದ್ದೆ."

ನನಗೆ ಗೊತ್ತಿರಲಿಲ್ಲ. ಮಿತ್ರರೇ, ಇದೇ ನನ್ನ ಮೂರ್ಖತನದ ಬುಡ. ಗಂಧ ಬರೀ ಅದರ ಮೇಲಿನ ಲೇಪ. ನಾಲ್ಕು ವರ್ಷ ಎದುರು ಕೂತು ಉಂಡೆ. ಉಣ್ಣುವಾಗ ಎಲ್ಲರೂ ಎಡಗೈಯಲ್ಲೇ ಬಡಿಸುತ್ತಾರೆ, ಹಾಗಾಗಿ ಆ ಕೈಯ ಚುರುಕನ್ನು ನಾನು ಶಾಸ್ತ್ರದ ಲೆಕ್ಕಕ್ಕೆ ಹಾಕಿದೆ. ಕಂಡದ್ದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಮಾಡಿ ತೋರಿಸಿದೆ, ಆದರೆ ಏನನ್ನು ಕಂಡೆನೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅವರು ಮೂವತ್ತು ನಲವತ್ತು ವರ್ಷ ಮಡಿಲಲ್ಲಿ ಮುಚ್ಚಿಟ್ಟದ್ದನ್ನು ನನ್ನ ಕೈ ಬಿಚ್ಚಿ ತೋರಿಸಿತು, ನನ್ನ ತಲೆಗೆ ಸುದ್ದಿಯೇ ತಲುಪಲಿಲ್ಲ. ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಕೋಣೆಯಲ್ಲಿ ಕೂತು ಕೊರಗುತ್ತಿದ್ದವನು, ಎದುರಿಗಿದ್ದ ಒಬ್ಬರನ್ನಾದರೂ ಏನನ್ನಾದರೂ ಕೇಳಿದ್ದು ನೆನಪಿಲ್ಲ.

"ನನಗೆ ಗೊತ್ತಿರಲಿಲ್ಲ ಅಕ್ಕಾ" ಎಂದೆ. ಅದು ಯಾರ ಸ್ವರವೂ ಆಗಿರಲಿಲ್ಲ. ಸ್ವಲ್ಪ ಒಡೆದಿತ್ತು, ಚೆನ್ನಾಗಿರಲಿಲ್ಲ. ಅವರಿಗೆ ಮಾತ್ರ ಗುರುತು ಸಿಕ್ಕಿತೆಂದು ಕಾಣುತ್ತದೆ. ಡಬ್ಬಿಯ ಮೇಲಿನ ಅಂತಸ್ತನ್ನು ಎಡಗೈಯಲ್ಲಿ, ಈ ಸಲ ಮುಚ್ಚುಮರೆಯಿಲ್ಲದೆ, ನನ್ನ ಕಡೆ ದೂಡಿದರು. ಒಳಗೆ ದಾಳಿತೋಯ ತಣ್ಣಗಾಗಿತ್ತು.

ನಾನು ಉಂಡು ಮುಗಿಸಿದೆ. ಕೈ ತೊಳೆದು ಬಂದು, ತೇಯುವ ಕಲ್ಲಿನ ಮೇಲೆ ಇನ್ನೂ ಗಂಧ ಉಳಿದಿದ್ದರೆ ಸೋಮವಾರ ಮೇಲೆ ಬರುವಾಗ ಸ್ವಲ್ಪ ತನ್ನಿ, ಇಲಿಯನ್ನು ಒಮ್ಮೆ ಶಾಸ್ತ್ರೋಕ್ತವಾಗಿ ಸ್ವಾಗತಿಸೋಣ ಎಂದು ನಾನೇ, ಬುದ್ಧಿ ಇಲ್ಲದವನು, ಮತ್ತೆ ಬಾಯಿ ಬಿಟ್ಟೆ. ಸುಗುಣಕ್ಕ ಡಬ್ಬಿಯ ಕೊಂಡಿ ಹಾಕುತ್ತ, ತಲೆ ಎತ್ತದೆ ಹೇಳಿದರು:

"ಇಲಿಯನ್ನು ಎಡಗಡೆಗೆ ಕಟ್ಟಿಡು, ಸೋಮವಾರ ಬರುತ್ತೇನೆ. ಗಂಧ ನಿನ್ನ ತಲೆಗೆ ಹಚ್ಚಿಕೊ ಮಾರಾಯ. ಅಲ್ಲಿ ಒಣಗಿದರೆ ತೊಂದರೆ ಇಲ್ಲ, ಒಳಗೆ ತಿರುಗುವಂಥದ್ದು ಏನೂ ಇಲ್ಲವಲ್ಲ!"